ಪಾಲುದಾರ ಯಾರು? ನೈಜೀರಿಯಾದ 774 ಸ್ಥಳೀಯ ಸರ್ಕಾರಗಳ ಹಣದ ವ್ಯಾಜ್ಯ

ನೈಜೀರಿಯಾದ ಕಾನೊ ರಾಜ್ಯದಲ್ಲಿ 44 ಸ್ಥಳೀಯ ಸರ್ಕಾರಗಳಿವೆ, ಲಾಗೋಸ್ ರಾಜ್ಯದಲ್ಲಿ 20. ಎರಡರ ಜನಸಂಖ್ಯೆ 2006ರ ಜನಗಣತಿಯ ಪ್ರಕಾರ ಹೆಚ್ಚುಕಡಿಮೆ ಒಂದೇ: ಕಾನೊದಲ್ಲಿ 94 ಲಕ್ಷ, ಲಾಗೋಸಿನಲ್ಲಿ 91 ಲಕ್ಷ. (ಲಾಗೋಸ್ ಸರ್ಕಾರ ಈ ಎಣಿಕೆಯನ್ನು ಒಪ್ಪಲೇ ಇಲ್ಲ. ನಮ್ಮಲ್ಲಿ ಒಂದು ಕೋಟಿ 75 ಲಕ್ಷ ಜನರಿದ್ದಾರೆ ಎಂದು ತನ್ನದೇ ಎಣಿಕೆಯನ್ನು ಮುಂದಿಟ್ಟಿತು.) 1991ರಲ್ಲಿ ಕಾನೊದಿಂದ ಒಡೆದು ಬಂದ ಜಿಗಾವಾದಲ್ಲಿ ಇನ್ನೂ 27 ಇವೆ. ಅಂದರೆ ಹಳೆಯ ಕಾನೊ ಪ್ರದೇಶಕ್ಕೆ ಈಗ 71, ಲಾಗೋಸಿಗೆ ಅದೇ 20. ದೇಶದ ಬೊಕ್ಕಸದಿಂದ ತಿಂಗಳು ತಿಂಗಳೂ ಬರುವ ಸ್ಥಳೀಯ ಸರ್ಕಾರಗಳ ಪಾಲಿನಲ್ಲಿ ಈ ಸಂಖ್ಯೆಗೆ ದೊಡ್ಡ ಬೆಲೆಯಿದೆ. ಆ ದೇಶದಲ್ಲಿ ಎರಡು ದಶಕಗಳಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರುತ್ತಿರುವ ವ್ಯಾಜ್ಯದ ಬೇರು ಇರುವುದು ಇಲ್ಲೇ.

ಹಣ ಹರಿಯುವ ಬಗೆಯನ್ನು ಮೊದಲು ನೋಡೋಣ. ತೈಲದ ಆದಾಯ ಮತ್ತು ಹಲವು ದೊಡ್ಡ ತೆರಿಗೆಗಳು ಒಕ್ಕೂಟ ಖಾತೆ ಎಂಬ ಒಂದೇ ಖಾತೆಗೆ ಬಂದು ಬೀಳುತ್ತವೆ. ತೈಲ ಸಿಗುವ ರಾಜ್ಯಗಳಿಗೆ ಸಂವಿಧಾನ ಕೊಟ್ಟಿರುವ ಶೇ 13ನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಕೇಂದ್ರಕ್ಕೆ ಶೇ 52.68, ಎಲ್ಲ 36 ರಾಜ್ಯಗಳಿಗೆ ಸೇರಿ ಶೇ 26.72, ಎಲ್ಲ ಸ್ಥಳೀಯ ಸರ್ಕಾರಗಳಿಗೆ ಸೇರಿ ಶೇ 20.60 ಹಂಚುತ್ತಾರೆ. ರಾಜ್ಯ ರಾಜ್ಯಗಳ ನಡುವೆ ಹಂಚುವಾಗ ಶೇ 40ನ್ನು ಎಲ್ಲರಿಗೂ ಸಮನಾಗಿ ಕೊಟ್ಟು, ಶೇ 30ಕ್ಕೆ ಜನಸಂಖ್ಯೆ ನೋಡಿ, ಉಳಿದದ್ದಕ್ಕೆ ಭೂವಿಸ್ತೀರ್ಣ, ಸ್ವಂತ ಆದಾಯ, ಸಾಮಾಜಿಕ ಅಭಿವೃದ್ಧಿಯ ಅಳತೆಗಳನ್ನು ಹಿಡಿಯುತ್ತಾರೆ. ಸ್ಥಳೀಯ ಸರ್ಕಾರಗಳಿಗೂ ತತ್ವ ಇದೇ. ಈ ಸಮಪಾಲು ಎಂಬುದೇ ಎಲ್ಲ ಆಟಕ್ಕೂ ಮೂಲ. ಸಮಪಾಲಿನಲ್ಲಿ ಜನ ಎಷ್ಟಿದ್ದಾರೆ ಎಂದು ಯಾರೂ ಕೇಳುವುದಿಲ್ಲ, ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಸರ್ಕಾರಗಳು, ಎಷ್ಟಿವೆ ಎಂದಷ್ಟೇ ಕೇಳುತ್ತಾರೆ. 44 ಕೌನ್ಸಿಲ್ ಇರುವ ರಾಜ್ಯಕ್ಕೆ ಆ ಬಾಬಿನಲ್ಲಿ 44 ಪಾಲು, 20 ಇರುವಲ್ಲಿಗೆ 20.

ಹಾಗಾದರೆ ಕೌನ್ಸಿಲ್‌ಗಳ ಸಂಖ್ಯೆಯನ್ನು ನಿಗದಿ ಮಾಡಿದವರು ಯಾರು? ಸೇನಾಧಿಕಾರಿಗಳು. 1976ರ ಸುಧಾರಣೆಯಲ್ಲಿ 301 ಇದ್ದದ್ದು 1991ಕ್ಕೆ 589 ಆಯಿತು, 1996ರಲ್ಲಿ ಸೇನಾಡಳಿತಗಾರ ಸಾನಿ ಅಬಾಚಾ ಕಾಲಕ್ಕೆ 774. ಎಲ್ಲಿ ಎಷ್ಟು ಎಂಬುದನ್ನು ಸುಗ್ರೀವಾಜ್ಞೆಗಳೇ ತೀರ್ಮಾನಿಸಿದವು. 1999ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಬಂದ ಸಂವಿಧಾನ ಈ 774 ಹೆಸರುಗಳನ್ನು ಒಂದೊಂದಾಗಿ ತನ್ನೊಳಗೇ ಬರೆದುಕೊಂಡಿತು. ಸಂವಿಧಾನಕ್ಕೆ ಸೇರಿದ ಹೆಸರನ್ನು ಅಳಿಸುವುದೂ ಕಷ್ಟ, ಹೊಸದನ್ನು ಸೇರಿಸುವುದೂ ಕಷ್ಟ. ಸೇನೆ ಹೋಯಿತು, ಅದು ಎಳೆದ ಗೆರೆಗಳು ಖಾಯಂ ಆದವು.

ನಮ್ಮ ಸಿವಿಲ್ ಕೋರ್ಟುಗಳಲ್ಲಿ ಹಿಸ್ಸೆ ದಾವೆಗಳನ್ನು ನೋಡಿದವರಿಗೆ ಗೊತ್ತು, ಜಮೀನನ್ನು ನಾಲ್ಕು ಭಾಗ ಮಾಡುವ ಗಣಿತಕ್ಕೆ ಯಾರೂ ಜಗಳವಾಡುವುದಿಲ್ಲ. ವಾರಸುದಾರರು ಮೂವರೋ ನಾಲ್ವರೋ ಎಂಬಲ್ಲಿಗೆ ಬಂದು ಮೊಕದ್ದಮೆ ಮೂವತ್ತು ವರ್ಷ ನಡೆಯುತ್ತದೆ. ನೈಜೀರಿಯಾದ ಮುಖ್ಯ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವುದೂ ಅದೇ. ಶೇ 20.60 ಸರಿಯೇ, ಸಮಪಾಲಿಗೆ ಶೇ 40 ನ್ಯಾಯವೇ ಎಂಬ ಪ್ರಶ್ನೆಗಳ ಮೇಲೆ ಅವು ನಿಂತಿಲ್ಲ. ಪಾಲು ಕೇಳಲು ಬಂದವನು ನಿಜವಾಗಿ ಪಾಲುದಾರನೇ ಎಂಬುದರ ಮೇಲೆ ನಿಂತಿವೆ.

ಮೊದಲನೆಯದು ಲಾಗೋಸ್ ಪ್ರಕರಣ. ಬೊಲಾ ಟಿನುಬು ಆಗ ಅಲ್ಲಿನ ಗವರ್ನರ್. ನೈಜೀರಿಯಾದ ಗವರ್ನರ್ ಎಂದರೆ ನಮ್ಮ ರಾಜಭವನದಲ್ಲಿ ಕೂರುವ ರಾಜ್ಯಪಾಲರಂತಲ್ಲ. ಜನರಿಂದ ನೇರವಾಗಿ ಆರಿಸಿಬಂದು ನಮ್ಮ ಮುಖ್ಯಮಂತ್ರಿಗಿಂತಲೂ ಹೆಚ್ಚು ಅಧಿಕಾರ ಚಲಾಯಿಸುವವರು. 20 ಎಂಬ ಸಂಖ್ಯೆ ಅನ್ಯಾಯ ಎಂದು ಟಿನುಬು ಸರ್ಕಾರ ಇನ್ನೂ 37 ಸ್ಥಳೀಯ ಸರ್ಕಾರಗಳನ್ನು ಸೃಷ್ಟಿಸುವ ಕಾನೂನು ಮಾಡಿ, 2004ರ ಮಾರ್ಚ್‌ನಲ್ಲಿ ಎಲ್ಲ 57ಕ್ಕೂ ಚುನಾವಣೆ ನಡೆಸಿತು. ಏಪ್ರಿಲ್‌ನಲ್ಲಿ ಅಧ್ಯಕ್ಷ ಒಲುಸೆಗುನ್ ಒಬಸಾಂಜೊ ಹಣಕಾಸು ಸಚಿವೆಗೆ ಪತ್ರ ಬರೆದರು: ಹೊಸ ಕೌನ್ಸಿಲ್‌ಗಳನ್ನು ಮಾಡಿಕೊಂಡಿರುವ ರಾಜ್ಯಗಳ ಸ್ಥಳೀಯ ಸರ್ಕಾರಗಳಿಗೆ ಒಂದು ಕಾಸೂ ಬಿಡಬೇಡಿ. ಪತ್ರ ತಲುಪಿದ ಸಚಿವೆ ಎನ್‌ಗೋಜಿ ಒಕೊಂಜೊ ಇವೆಲಾ. ಇವತ್ತು ಅವರು ವಿಶ್ವ ವ್ಯಾಪಾರ ಸಂಸ್ಥೆಯ ಮುಖ್ಯಸ್ಥೆ. ಪಟ್ಟಿಯಲ್ಲಿ ಇತರ ರಾಜ್ಯಗಳೂ ಇದ್ದವು, ಆದರೆ ಪಟ್ಟು ಹಿಡಿದು ಕೋರ್ಟಿಗೆ ಹೋದದ್ದು ಲಾಗೋಸ್. ಹಿಂದಿನ ವರ್ಷದ ಚುನಾವಣೆಯಲ್ಲಿ ನೈರುತ್ಯದ ರಾಜ್ಯಗಳ ಪೈಕಿ ಅಧ್ಯಕ್ಷರ ಪಕ್ಷಕ್ಕೆ ದಕ್ಕದೆ ಉಳಿದದ್ದು ಲಾಗೋಸ್ ಒಂದೇ ಎಂಬುದನ್ನು ಇಲ್ಲಿ ನೆನಪಿಡಬೇಕು. 1976ರ ಸುಧಾರಣೆ ಜಾರಿಯಾದಾಗ ಸೇನಾಡಳಿತದ ಮುಖ್ಯಸ್ಥರಾಗಿದ್ದವರು ಇದೇ ಒಬಸಾಂಜೊ ಎಂಬುದನ್ನೂ.

2004ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿಗೆ ಎರಡು ಮುಖ. ಹಣ ತಡೆಹಿಡಿಯುವ ಅಧಿಕಾರ ಅಧ್ಯಕ್ಷರಿಗೆ ಇಲ್ಲವೇ ಇಲ್ಲ ಎಂದದ್ದು ಒಂದು. ರಾಜ್ಯ ತನ್ನ ಪಾಲಿನ ಪ್ರಕ್ರಿಯೆಯನ್ನು ಸರಿಯಾಗಿಯೇ ನಡೆಸಿದ್ದರೂ, ರಾಷ್ಟ್ರೀಯ ಸಂಸತ್ತು ಒಪ್ಪಿ ಸಂವಿಧಾನದ ಪಟ್ಟಿಯನ್ನು ತಿದ್ದುವವರೆಗೆ ಹೊಸ 37ರ ಸೃಷ್ಟಿ ಅರ್ಧಕ್ಕೇ ನಿಂತಂತೆ ಎಂದದ್ದು ಇನ್ನೊಂದು. ಹಾಗಾಗಿ ಹಣಕ್ಕೆ ಬಾಧ್ಯಸ್ಥರು ಹಳೆಯ 20 ಮಾತ್ರ. ಎರಡೂ ಕಡೆಯವರು ಗೆದ್ದೆವೆಂದು ಹೇಳಿಕೊಂಡರು. ತೀರ್ಪಿನ ನಂತರವೂ ಒಬಸಾಂಜೊ ಪೂರ್ತಿ ಹಣ ಬಿಡಲಿಲ್ಲ. ಬಾಕಿ ಲಾಗೋಸಿಗೆ ಸಿಕ್ಕಿದ್ದು ಮುಂದಿನ ಅಧ್ಯಕ್ಷ ಯಾರ್ ಅಡುವಾ ಬಂದಮೇಲೆ. ಲಾಗೋಸ್ 37ನ್ನು ರದ್ದು ಮಾಡದೆ ‘ಅಭಿವೃದ್ಧಿ ಪ್ರದೇಶ’ ಎಂದು ಹೆಸರು ಬದಲಿಸಿ ಇಟ್ಟುಕೊಂಡಿತು. 20ರ ಪಾಲಿಗೆ ಬಂದ ಹಣವನ್ನು ಅಲ್ಲಿ ಇವತ್ತಿಗೂ 57 ಕಡೆಗೆ ಹರಡುತ್ತಾರೆ. ದೇಶದ ಸಂವಿಧಾನದ ಮಟ್ಟಿಗೆ ಇಲ್ಲದ 37 ಕೌನ್ಸಿಲ್‌ಗಳಲ್ಲಿ ಜನ ಮತ ಹಾಕುತ್ತಾರೆ, ಕಸ ಎತ್ತುವವರು ಬರುತ್ತಾರೆ, ಅಧ್ಯಕ್ಷರಿಗೆ ಕಾರೂ ಇದೆ.

ಇಲ್ಲಿಯವರೆಗಿನ ಜಗಳ ಕೇಂದ್ರ ಮತ್ತು ರಾಜ್ಯದ್ದು. ಇದರ ಅಡಿಯಲ್ಲೇ ಇನ್ನೊಂದು ಕುದಿಯುತ್ತಿತ್ತು. ಸಂವಿಧಾನದ 162ನೇ ಕಲಮಿನ ಪ್ರಕಾರ ಸ್ಥಳೀಯ ಸರ್ಕಾರಗಳ ಪಾಲು ನೇರವಾಗಿ ಅವುಗಳ ಕೈಗೆ ಹೋಗುವುದಿಲ್ಲ. ಅವುಗಳ ಪ್ರಯೋಜನಕ್ಕೆಂದು ರಾಜ್ಯಕ್ಕೆ ಹೋಗುತ್ತದೆ. ರಾಜ್ಯ ಒಂದು ಜಂಟಿ ಖಾತೆ ತೆರೆದು, ತನ್ನ ಸ್ವಂತ ಆದಾಯದ ಒಂದಷ್ಟನ್ನೂ ಅದಕ್ಕೆ ಸೇರಿಸಿ, ವಿಧಾನಸಭೆ ಹೇಳಿದ ಪ್ರಮಾಣದಲ್ಲಿ ಹಂಚಬೇಕು. ಕಾಗದದ ಮೇಲೆ ಜಂಟಿ, ವ್ಯವಹಾರದಲ್ಲಿ ಗವರ್ನರ್ ಖಾತೆ. ಪ್ರಾಥಮಿಕ ಶಾಲಾ ಶಿಕ್ಷಕರ ಸಂಬಳ, ಪಿಂಚಣಿ, ತರಬೇತಿ ನಿಧಿ ಎಂದೆಲ್ಲ ಮೂಲದಲ್ಲೇ ಕಡಿತವಾಗಿ, ಕೆಲವು ಕೌನ್ಸಿಲ್‌ಗಳಿಗೆ ತಿಂಗಳ ಕೊನೆಗೆ ಸೊನ್ನೆ ಬರುತ್ತಿದ್ದ ಕಾಲವೂ ಇತ್ತು.

ಇದನ್ನು ಸರಿಪಡಿಸಲು 2005ರಲ್ಲಿ ಸಂಸತ್ತು ಒಂದು ನಿಗಾ ಕಾನೂನು ತಂದಿತು. ರಾಜ್ಯದೊಳಗಿನ ಹಂಚಿಕೆಯಲ್ಲಿ ಕೇಂದ್ರ ಕೈಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಮುಂದೆ 2019ರಲ್ಲಿ ಹಣಕಾಸು ಗುಪ್ತಚರ ಘಟಕ ಅಡ್ಡದಾರಿಯಿಂದ ಬಂದು, ಜಂಟಿ ಖಾತೆಯಿಂದ ಹಣ ಕೌನ್ಸಿಲ್‌ಗಳ ಖಾತೆಗೆ ಹೋಗುವುದು ಬಿಟ್ಟರೆ ಬೇರೆ ಯಾವ ವ್ಯವಹಾರವನ್ನೂ ಬ್ಯಾಂಕುಗಳು ಒಪ್ಪಬಾರದು ಎಂದು ನಿಯಮ ಮಾಡಿತು. ಸಂವಿಧಾನವನ್ನೇ ತಿದ್ದೋಣ ಎಂದರೆ 36ರಲ್ಲಿ 24 ವಿಧಾನಸಭೆಗಳು ಒಪ್ಪಬೇಕು. ತಮ್ಮ ಗವರ್ನರ್ ಕೈಯಿಂದ ಹಣದ ಗಂಟು ಬಿಡಿಸುವ ಮಸೂದೆಗೆ ಅಷ್ಟು ವಿಧಾನಸಭೆಗಳು ಕೈಯೆತ್ತುತ್ತವೆಯೇ? 2022–23ರ ಪ್ರಯತ್ನವೂ ಅಲ್ಲಿಗೇ ಬಂದು ಬಿತ್ತು.

ಹೀಗೆ ಎಲ್ಲ ಬಾಗಿಲು ಮುಚ್ಚಿದ ಮೇಲೆ 2024ರ ಮೇ ತಿಂಗಳಲ್ಲಿ ಕೇಂದ್ರದ ಅಟಾರ್ನಿ ಜನರಲ್ ಲತೀಫ್ ಫಗ್ಬೆಮಿ ಎಲ್ಲ 36 ರಾಜ್ಯಗಳ ಮೇಲೂ ಒಟ್ಟಿಗೇ ದಾವೆ ಹೂಡಿದರು. ಆ ಹೊತ್ತಿಗೆ ದೇಶದ ಅಧ್ಯಕ್ಷ ಯಾರು? ಬೊಲಾ ಟಿನುಬು. ಇಪ್ಪತ್ತು ವರ್ಷದ ಹಿಂದೆ ಸ್ಥಳೀಯ ಸರ್ಕಾರಗಳ ವಿಷಯದಲ್ಲಿ ರಾಜಧಾನಿ ಅಬುಜಾ ತಲೆಹಾಕಬಾರದು ಎಂದು ವಾದಿಸಿದ್ದ ಗವರ್ನರ್ ಈಗ ಅಬುಜಾದಲ್ಲಿ ಕೂತು ಗವರ್ನರ್‌ಗಳ ಮೇಲೆ ದಾವೆ ಹಾಕಿಸಿದ್ದರು. ನಿಲುವು ಬದಲಾದದ್ದಕ್ಕೆ ಅವರನ್ನು ಹೀಯಾಳಿಸಿ ಪ್ರಯೋಜನವಿಲ್ಲ, ಕೂತ ಕುರ್ಚಿಗೆ ತಕ್ಕ ಫೆಡರಲಿಸಂ ಎಲ್ಲ ದೇಶಗಳಲ್ಲೂ ಇದೆ.

ಜುಲೈ 11ಕ್ಕೆ ತೀರ್ಪು ಬಂತು. ಅಷ್ಟು ಬೇಗ ಬಂದದ್ದೇ ಒಂದು ಆಶ್ಚರ್ಯ. ಏಳು ನ್ಯಾಯಮೂರ್ತಿಗಳ ಪೀಠದಲ್ಲಿ ಮುಖ್ಯ ತೀರ್ಪು ಬರೆದವರು ಇಮ್ಯಾನುಯೆಲ್ ಅಗಿಮ್, ಭಿನ್ನ ತೀರ್ಪು ಬರೆದವರು ಹಬೀಬ್ ಅಬಿರು ಒಬ್ಬರೇ. ರಾಜ್ಯಗಳು ಸ್ಥಳೀಯ ಸರ್ಕಾರಗಳ ಹಣ ಇಟ್ಟುಕೊಳ್ಳುವುದು ಅಸಾಂವಿಧಾನಿಕ. ಇನ್ನು ಮುಂದೆ ಹಣ ನೇರವಾಗಿ ಅವಕ್ಕೇ ಹೋಗಬಹುದು. ಚುನಾಯಿತ ಮಂಡಳಿಯನ್ನು ಬರ್ಖಾಸ್ತು ಮಾಡಿ ತಮಗೆ ಬೇಕಾದವರ ಉಸ್ತುವಾರಿ ಸಮಿತಿ ಕೂರಿಸುವುದು ಕಾನೂನುಬಾಹಿರ. ಚುನಾವಣೆಯಿಲ್ಲದ ಕೌನ್ಸಿಲ್‌ಗೆ ಹಣ ಕೊಡಕೂಡದು. ಸಂವಿಧಾನದ ಅಕ್ಷರ ಹಣ ರಾಜ್ಯಕ್ಕೆ ಹೋಗಬೇಕು ಎನ್ನುತ್ತದಲ್ಲ ಎಂಬ ವಾದಕ್ಕೆ ನ್ಯಾಯಾಲಯದ ಉತ್ತರ ಇಷ್ಟು: ರಾಜ್ಯ ಬರೀ ಮಧ್ಯವರ್ತಿ, ಮಧ್ಯವರ್ತಿಯೇ ಹಣ ನುಂಗುತ್ತಿದ್ದರೆ ಕಲಮಿನ ಉದ್ದೇಶ ಈಡೇರಲು ಅವನನ್ನು ದಾಟಿ ಹೋಗಬಹುದು.

ಫಲಿತಾಂಶ ನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ, ತರ್ಕ ಮಾತ್ರ ತೆಳು. ಜಂಟಿ ಖಾತೆ ಎಂಬ ಇಡೀ ವ್ಯವಸ್ಥೆಯನ್ನು ಸಂವಿಧಾನದಲ್ಲಿ ಬರೆದಿರುವಾಗ, ಅದನ್ನು ಪಕ್ಕಕ್ಕೆ ಸರಿಸುವ ಕೆಲಸ ತಿದ್ದುಪಡಿಯದು. ಆ ತಿದ್ದುಪಡಿ ಸಾಧ್ಯವೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ನ್ಯಾಯಾಲಯ ಆ ಕೆಲಸಕ್ಕೆ ಇಳಿಯಿತು. ಇಂಥ ತೀರ್ಪುಗಳಿಗೆ ಜಾರಿಯಲ್ಲಿ ಬಲ ಕಡಿಮೆ. ಆದದ್ದೂ ಹಾಗೆಯೇ. ಒಂದು ವರ್ಷ ಕಳೆದರೂ ನೇರ ಪಾವತಿ ಎಂಬುದು ಹೇಳಿಕೆಗಳಲ್ಲಿ ಉಳಿಯಿತು, ಹಣ ಹಳೆಯ ಜಂಟಿ ಖಾತೆಯ ದಾರಿಯಲ್ಲೇ ಸಾಗಿತು.

ಆದರೆ ತೀರ್ಪಿನ ಒಂದು ಭಾಗವನ್ನು ಗವರ್ನರ್‌ಗಳು ತಕ್ಷಣ ಪಾಲಿಸಿದರು: ಚುನಾವಣೆ. ವರ್ಷಗಟ್ಟಲೆ ಉಸ್ತುವಾರಿ ಸಮಿತಿಗಳಲ್ಲೇ ಕಾಲ ಹಾಕಿದ್ದ ರಾಜ್ಯಗಳಿಗೆ ಕೆಲವೇ ತಿಂಗಳಲ್ಲಿ ಮತಪೆಟ್ಟಿಗೆಗಳ ನೆನಪಾಯಿತು. ಅನಂಬ್ರಾದಲ್ಲಿ ಸೆಪ್ಟೆಂಬರ್ 2024ರಲ್ಲಿ ಚುನಾವಣೆ ನಡೆದು ಗವರ್ನರ್ ಪಕ್ಷ 21ಕ್ಕೆ 21 ಗೆದ್ದಿತು. ಅಕ್ಟೋಬರ್‌ನಲ್ಲಿ ಕಡೂನಾದಲ್ಲಿ 23ಕ್ಕೆ 23, ಕಾನೊದಲ್ಲಿ 44ಕ್ಕೆ 44. ಮೂರು ರಾಜ್ಯ, ಮೂರು ಬೇರೆ ಬೇರೆ ಪಕ್ಷ, ಫಲಿತಾಂಶ ಒಂದೇ. ಎಲ್ಲಕ್ಕಿಂತ ತಮಾಷೆ ರಿವರ್ಸ್ ರಾಜ್ಯದ್ದು. ಅಲ್ಲಿನ ಗವರ್ನರ್ ಸಿಮ್ ಫುಬಾರಾ ತಮ್ಮ ಪಕ್ಷದೊಳಗೇ ಎದುರಾಳಿಗಳಿಗೆ ಸೋತು, ಯಾರೂ ಲೆಕ್ಕಕ್ಕಿಡದ ಸಣ್ಣ ಪಕ್ಷವೊಂದರ ಕಡೆಗೆ ತಮ್ಮವರನ್ನು ಕಳಿಸಿದರು; ಆ ಪಕ್ಷ 23ರಲ್ಲಿ 22 ಗೆದ್ದಿತು. (ಆ ಚುನಾವಣೆಯನ್ನು ಮುಂದೆ ಸುಪ್ರೀಂ ಕೋರ್ಟ್ ರದ್ದು ಮಾಡಿತು.) 2025ರ ಜುಲೈನಲ್ಲಿ ಲಾಗೋಸಿನಲ್ಲೂ 57ಕ್ಕೆ 57 ಆಡಳಿತ ಪಕ್ಷಕ್ಕೇ. ಸ್ಥಳೀಯ ಚುನಾವಣೆ ನಡೆಸುವುದು ಗವರ್ನರ್ ನೇಮಿಸಿದ ರಾಜ್ಯ ಚುನಾವಣಾ ಆಯೋಗ ಎಂದ ಮೇಲೆ ಇದರಲ್ಲಿ ಗುಟ್ಟೇನೂ ಇಲ್ಲ. ಚುನಾಯಿತರಿಗೆ ಮಾತ್ರ ಹಣ ಎಂದು ನ್ಯಾಯಾಲಯ ಹೇಳಿತು. ಚುನಾಯಿತರು ಯಾರಾಗಬೇಕೆಂಬುದು ಗವರ್ನರ್ ಕೈಯಲ್ಲೇ ಉಳಿಯಿತು.

ಗವರ್ನರ್‌ಗಳ ಕಡೆಯ ವಾದವೂ ಪೂರಾ ಪೊಳ್ಳಲ್ಲ. ಅನಂಬ್ರಾದ ಚಾರ್ಲ್ಸ್ ಸೊಲುಡೊ ಹಿಂದೆ ದೇಶದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು, ಅರ್ಥಶಾಸ್ತ್ರಜ್ಞ. ಶಿಕ್ಷಕರ ಸಂಬಳ, ಪಿಂಚಣಿ, ಪ್ರಾಥಮಿಕ ಆರೋಗ್ಯದಂಥ ಹಂಚಿಕೊಂಡ ಜವಾಬ್ದಾರಿಗಳಿಗೆ ಒಂದು ಸಾಮಾನ್ಯ ನಿಧಿ ಬೇಡವೇ ಎಂಬುದು ಅವರ ಪ್ರಶ್ನೆ. ಪ್ರತಿ ಕೌನ್ಸಿಲ್ ತನ್ನ ಹಣ ತಾನು ಹಿಡಿದುಕೊಂಡರೆ, ಹತ್ತು ಸಾವಿರ ಮಂದಿ ನಿವೃತ್ತ ನೌಕರರಿರುವ ಕೌನ್ಸಿಲ್‌ಗೂ ಇನ್ನೂರು ಮಂದಿ ಇರುವ ಕೌನ್ಸಿಲ್‌ಗೂ ಪಿಂಚಣಿ ಹೊರೆಯನ್ನು ಸರಿದೂಗಿಸುವವರು ಯಾರು? ಪ್ರಶ್ನೆ ಸರಿಯಿದೆ. ಅದಕ್ಕೆ 2024ರ ಅಕ್ಟೋಬರ್‌ನಲ್ಲಿ ಅವರು ಕಂಡುಕೊಂಡ ಉತ್ತರ, ಕೌನ್ಸಿಲ್‌ಗಳು ತಮಗೆ ಬಂದ ಹಣದಲ್ಲಿ ಒಂದು ಭಾಗವನ್ನು ರಾಜ್ಯ ನಿಯಂತ್ರಿಸುವ ಖಾತೆಗೆ ತಿರುಗಿ ಕಟ್ಟಬೇಕೆಂಬ ಕಾನೂನು. ಕೋರ್ಟ್ ಮುಂಬಾಗಿಲಿನಿಂದ ಹೊರಗೆ ಹಾಕಿದ ಜಂಟಿ ಖಾತೆ ಹಿತ್ತಲಿಂದ ಒಳಗೆ ಬಂತು.

ಇನ್ನು ಒಸುನ್. ಈ ರಾಜ್ಯದಲ್ಲಿ ಪ್ರಶ್ನೆ ತೀರಾ ಬೆತ್ತಲೆಯಾಗಿ ನಿಂತಿತು. 2022ರ ಅಕ್ಟೋಬರ್‌ನಲ್ಲಿ, ಸೋತು ಹೊರಡಲಿದ್ದ ಗವರ್ನರ್ ಆತುರದಲ್ಲಿ ಸ್ಥಳೀಯ ಚುನಾವಣೆ ನಡೆಸಿ ತಮ್ಮವರನ್ನು ಗೆಲ್ಲಿಸಿದರು. ಕೋರ್ಟು ಅದನ್ನು ರದ್ದುಗೊಳಿಸಿತು, ಹೊಸ ಗವರ್ನರ್ ಅವರನ್ನೆಲ್ಲ ಹೊರಗೆ ಹಾಕಿದರು. 2025ರ ಫೆಬ್ರುವರಿ 10ರಂದು ಬಂದ ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ಹಿಡಿದು ಹಳಬರು ಕಚೇರಿಗಳಿಗೆ ಮರಳಿದರು. 22ರಂದು ಹೊಸ ಗವರ್ನರ್ ಹೊಸ ಚುನಾವಣೆಯನ್ನೇ ನಡೆಸಿ ತಮ್ಮವರನ್ನು ಆರಿಸಿಕೊಂಡರು. ಆಗ 30 ಕೌನ್ಸಿಲ್‌ಗಳಿಗೆ ಎರಡೆರಡು ಸೆಟ್ ಅಧ್ಯಕ್ಷರು, ಇಬ್ಬರೂ ಚುನಾಯಿತರೇ. ಕೇಂದ್ರ ಸರ್ಕಾರ ಹಣವನ್ನೇ ತಡೆಹಿಡಿಯಿತು. 2004ರ ತೀರ್ಪು ಬೇಡ ಎಂದಿದ್ದ ಕೆಲಸವನ್ನು, ಆ ತೀರ್ಪನ್ನು ತಂದ ಮನುಷ್ಯನ ಸರ್ಕಾರವೇ ಮಾಡಿತು.

ಒಸುನ್ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನ ತಿರುಳು: ಸ್ಥಳೀಯ ಸರ್ಕಾರಗಳ ಪರವಾಗಿ ದಾವೆ ಹೂಡುವ ಹಕ್ಕು ರಾಜ್ಯದ ಅಟಾರ್ನಿ ಜನರಲ್‌ಗೆ ಇಲ್ಲ, ಅವು ಸ್ವತಂತ್ರ ಸಂಸ್ಥೆಗಳು, ತಮ್ಮ ಹಕ್ಕಿಗೆ ತಾವೇ ಹೋರಾಡಲಿ. ಹಣ ತಡೆದದ್ದು ತಪ್ಪೆಂದು ಕೇಂದ್ರಕ್ಕೂ ಒಂದು ಮಾತು ಹೇಳಿತು, ಅಷ್ಟೇ. ಕೇಳಲು ತೂಕದ ಮಾತು. ಆದರೆ ನೈಜೀರಿಯಾದಲ್ಲಿ ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ಮೂಲ ದಾವೆ ಹೂಡಬಲ್ಲವರು ಕೇಂದ್ರ ಮತ್ತು ರಾಜ್ಯಗಳು ಮಾತ್ರ, ಕೌನ್ಸಿಲ್‌ಗಳು ಕೆಳಗಿನ ಕೋರ್ಟಿನಿಂದ ಮೆಟ್ಟಿಲು ಹತ್ತುತ್ತಾ ಬರಬೇಕು. 2024ರಲ್ಲಿ 774 ಕೌನ್ಸಿಲ್‌ಗಳ ಪರವಾಗಿ ಕೇಂದ್ರದ ಅಟಾರ್ನಿ ಜನರಲ್ ಬಂದಾಗ ಒಪ್ಪಿದ ನ್ಯಾಯಾಲಯ, 30ರ ಪರವಾಗಿ ರಾಜ್ಯದ ಅಟಾರ್ನಿ ಜನರಲ್ ಬಂದಾಗ ಒಪ್ಪಲಿಲ್ಲ. 2004, 2006, 2024, 2025, ಈ ನಾಲ್ಕರಲ್ಲೂ ಹಣ ಯಾರದ್ದೋ ಅವರು ಕಟಕಟೆಯ ಆಚೆಗೂ ಇಲ್ಲ, ಈಚೆಗೂ ಇಲ್ಲ.

ಇದನ್ನೆಲ್ಲ ಓದುವ ಕನ್ನಡಿಗರಿಗೆ ‘ಚುನಾವಣೆಯಿಲ್ಲದೆ ಹಣವಿಲ್ಲ’ ಎಂಬ ಸಾಲು ಹೊಸದಲ್ಲ. 15ನೇ ಹಣಕಾಸು ಆಯೋಗದ ಪಂಚಾಯಿತಿ ಅನುದಾನಕ್ಕೆ ಇದ್ದ ಷರತ್ತೂ ಅದೇ. ಹಂಚಿಕೆಯ ವಿಷಯದಲ್ಲಿ ನಮ್ಮ ವ್ಯವಸ್ಥೆ ಒಂದು ಕಡೆ ಜಾಣತನ ತೋರಿದೆ: ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಆ ಆಯೋಗ ಶೇ 90ರಷ್ಟು ಜನಸಂಖ್ಯೆಯನ್ನೂ ಶೇ 10ರಷ್ಟು ವಿಸ್ತೀರ್ಣವನ್ನೂ ನೋಡಿತು. ಕರ್ನಾಟಕ ನಾಳೆ ಪಂಚಾಯಿತಿಗಳನ್ನು ಒಡೆದು ಇಮ್ಮಡಿ ಮಾಡಿದರೂ ದೆಹಲಿಯಿಂದ ಬರುವುದು ಅಷ್ಟೇ. ಆದ್ದರಿಂದ ಲಾಗೋಸ್ ಮಾದರಿಯ ವ್ಯಾಜ್ಯ ಇಲ್ಲಿ ಹುಟ್ಟುವುದಿಲ್ಲ. ರಾಜ್ಯದೊಳಗೆ ಗೆರೆ ಎಳೆಯುವಾಗ ಮಾತ್ರ ಹುಷಾರಾಗಿರಬೇಕು. ದೆಹಲಿ ಮಹಾನಗರ ಪಾಲಿಕೆಯನ್ನು 2012ರಲ್ಲಿ ಮೂರು ಮಾಡಿದಾಗ ಆಸ್ತಿ ತೆರಿಗೆಯ ಸಿರಿವಂತ ಬಡಾವಣೆಗಳು ದಕ್ಷಿಣಕ್ಕೆ ಹೋಗಿ, ಪೂರ್ವ ಪಾಲಿಕೆ ಪೌರಕಾರ್ಮಿಕರಿಗೆ ಸಂಬಳ ಕೊಡಲಾಗದೆ ರಸ್ತೆಯಲ್ಲಿ ಕಸ ರಾಶಿ ಬಿದ್ದದ್ದು, ಹೈಕೋರ್ಟಿಗೆ ಅರ್ಜಿಗಳ ಮೇಲೆ ಅರ್ಜಿ ಹೋದದ್ದು, ಕೊನೆಗೆ 2022ರಲ್ಲಿ ಮೂರನ್ನೂ ಮತ್ತೆ ಒಂದು ಮಾಡಿದ್ದು ಹಳೆಯ ಕಥೆಯೇನಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಯಾಗಿದೆ. ಐಟಿ ಕಾರಿಡಾರಿನ ಆಸ್ತಿ ತೆರಿಗೆ ಎಲ್ಲ ಪಾಲಿಕೆಗೂ ಒಂದೇ ತೆರನಾಗಿ ಬರುವುದಿಲ್ಲ.

ನಮ್ಮ ಅಸಲು ತೊಂದರೆ ಇರುವುದು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಲ್ಲಿ. ಅವುಗಳ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ತೀರುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ನಡೆಯಲಿಲ್ಲ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು, ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು, ಹಿಂದುಳಿದ ವರ್ಗಗಳ ಮೀಸಲಾತಿಯ ಲೆಕ್ಕ ಬಂತು, ಸರ್ಕಾರ ಬದಲಾಯಿತು, 2025 ಮುಗಿಯಿತು. ಒಂದು ಪಕ್ಷ ಶುರು ಮಾಡಿದ ವಿಳಂಬವನ್ನು ಇನ್ನೊಂದು ಪಕ್ಷ ಶ್ರದ್ಧೆಯಿಂದ ಮುಂದುವರಿಸಿತು. 15ನೇ ಆಯೋಗದ ಲೆಕ್ಕದಲ್ಲಿ ಗ್ರಾಮೀಣ ಅನುದಾನದ ಶೇ 10ರಿಂದ 25 ತಾಲ್ಲೂಕು ಪಂಚಾಯಿತಿಗೆ, ಶೇ 5ರಿಂದ 15 ಜಿಲ್ಲಾ ಪಂಚಾಯಿತಿಗೆ ಸಲ್ಲಬೇಕಿತ್ತು. ಪಾಲು ಗೊತ್ತಿದೆ, ಪಡೆಯಲು ಆರಿಸಿಬಂದವರಿಲ್ಲ.

ನೈಜೀರಿಯಾದ ಉಸ್ತುವಾರಿ ಸಮಿತಿಯ ಜಾಗದಲ್ಲಿ ನಮ್ಮಲ್ಲಿ ಆಡಳಿತಾಧಿಕಾರಿ ಇದ್ದಾರೆ. ಇಲ್ಲಿ ಪಂಚಾಯಿತಿಯೊಂದು ತನ್ನ ಹಕ್ಕಿಗಾಗಿ ನೇರವಾಗಿ ಹೈಕೋರ್ಟಿಗೆ ರಿಟ್ ಹಾಕಬಹುದು, ಆ ಮಟ್ಟಿಗೆ ಒಸುನ್‌ನ ಕೌನ್ಸಿಲ್‌ಗಳಿಗಿಂತ ದಾರಿ ಹತ್ತಿರ. ಆದರೆ ರಿಟ್ ಹಾಕುವ ನಿರ್ಣಯ ಮಾಡಬೇಕಾದದ್ದು ಸಾಮಾನ್ಯ ಸಭೆ, ಅದು ಇಲ್ಲ. ಸಭೆಯ ಅಧಿಕಾರ ಚಲಾಯಿಸುತ್ತಿರುವವರು ರಾಜ್ಯ ಸರ್ಕಾರ ನೇಮಿಸಿದ ಹಿರಿಯ ಅಧಿಕಾರಿ. ಚುನಾವಣೆ ನಡೆಸದೆ ನಮ್ಮ ಅನುದಾನ ತಪ್ಪಿಸಿದ್ದೀರಿ ಎಂದು ಅವರು ತಮ್ಮನ್ನು ಆ ಜಾಗಕ್ಕೆ ಕಳಿಸಿದ ಸರ್ಕಾರದ ಮೇಲೆಯೇ ಸಹಿ ಮಾಡಿ ಅರ್ಜಿ ಹಾಕಬೇಕು.